ಕೌದಿಯ ಹೊಟ್ಟೆ

ಮಿಶ್ರಿಕೋಟಿ
೧೯ ಫೆಬ್ರುವರಿ ೨೦೨೫, ಬುಧವಾರ

‘ಕೌದಿ ಮನಿ’ ಚಾನೆಲ್ಲಿನ ಮಾಲೀಕರಾದ ಶ್ರೀ ಈರೇಶ ಅವರಿಗೆ,

ನಿಮ್ಮ ಹೆಂಡತಿ ನಂದಾ ತವರುಮನೆಯಿಂದ ಬರೆಯುತ್ತಿದ್ದೇನೆ. ಮಾಲೀಕರು ಎಂದು ಸಿಟ್ಟಿನಿಂದಲೇ ಬರೆದಿದ್ದೇನೆ, ಹಾಗೆಯೇ ಓದಿಕೊಳ್ಳಿ. ನೀವು ಹೇಗಿದ್ದೀರಿ ಎಂದು ಕೇಳುವುದಿಲ್ಲ. ಅದು ಪ್ರತಿ ಶುಕ್ರವಾರ ವಿಡಿಯೋದಲ್ಲಿ ಕಾಣುತ್ತದೆ.

ಈ ಕಾಲದಲ್ಲಿ ಯಾರು ಪತ್ರ ಬರೆಯುತ್ತಾರೆ ಎಂದು ನಗಬೇಡಿ. ನನ್ನ ಫೋನು ಅಲ್ಲೇ ನಿಮ್ಮ ಸ್ಟ್ಯಾಂಡಿನ ಮೇಲೆ ಕುಳಿತಿದೆ, ಶೂಟಿಂಗ್ ಆಗುವುದು ಅದರಲ್ಲೇ ತಾನೆ. ತಮ್ಮ ಹೇಮಂತನ ಹೆಂಡತಿ ಐಶ್ವರ್ಯಾಳ ಫೋನಿನಿಂದ ಮಾತಾಡೋಣವೆಂದರೆ ಅವರಿಬ್ಬರೂ, ಜೊತೆಗೆ ಅವ್ವನೂ, ಕಿವಿ ಇಟ್ಟುಕೊಂಡು ಕೂಡುತ್ತಾರೆ. ನೀವಂತೂ ಫೋನಿನಲ್ಲಿ ‘ಹ್ಞೂಂ’ ಬಿಟ್ಟು ಎರಡನೇ ಮಾತು ಆಡುವವರಲ್ಲ. ಕಾಗದವಾದರೆ ನನ್ನ ಮಾತನ್ನು ನೀವು ನಡುವೆ ಕಟ್ ಮಾಡುವ ಹಾಗಿಲ್ಲ.

ನಿಮ್ಮ ಯರಗುಪ್ಪಿಯ ಮನೆ ಬಿಟ್ಟು ಇಂದಿಗೆ ಇಪ್ಪತ್ತೆಂಟು ದಿನ. ಒಂದು ಕಡೆ ಕೂಡಲು ಆಗುತ್ತಿಲ್ಲ. ಹಿಟ್ಟು ನಾದಲು ಕುಳಿತರೆ ಅರ್ಧಕ್ಕೇ ಎದ್ದು ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಯಾಕೆ ನಿಂತೆ ಎಂದು ನನಗೇ ಗೊತ್ತಿರುವುದಿಲ್ಲ. ಹುಬ್ಬಳ್ಳಿ ಬಸ್ಸು ಹೋದ ಮೇಲೆ ಒಳಗೆ ಬರುತ್ತೇನೆ. ಐಶ್ವರ್ಯಾಳ ಕೂಸಿಗೆ ಹೊದಿಸಲು ಹಳೇ ಸೀರೆಯದೊಂದು ಸಣ್ಣ ಕೌದಿ ಹಿಡಿದಿದ್ದೇನೆ. ಎರಡು ಸಾಲು ಹೊಲಿಯುವುದು, ಮೂರು ಸಾಲು ಬಿಚ್ಚುವುದು. ಅದು ಮುಗಿಯುವ ಹೊತ್ತಿಗೆ ಕೂಸು ಶಾಲೆಗೆ ಹೋಗುತ್ತಿರುತ್ತದೆ. ಮೊನ್ನೆ ಅವ್ವ, “ಏನಬೇ, ಕಾಲಿಗೆ ಚಕ್ರ ಕಟ್ಟಿಕೊಂಡೀಯೇನ? ಒಂದ ಕಡೆ ಕುಂಡ್ರು” ಎಂದಳು. ಯಾಕೆ ಬಂದೆ ಎಂದು ಅವಳು ಇವತ್ತಿನವರೆಗೂ ಕೇಳಿಲ್ಲ. “ಈರೇಶಪ್ಪನ ಊಟದ ಗತಿ ಏನ?” ಎಂದು ಮಾತ್ರ ದಿನಕ್ಕೆ ಎರಡು ಸಲ ಕೇಳುತ್ತಾಳೆ. ಕೈಕಾಲು ಗಟ್ಟಿ ಅದಾವ, ಮಾಡಿಕೊಂಡು ಉಣ್ತಾರ ಎಂದು ಹೇಳಿಬಿಡುತ್ತೇನೆ. ಆಮೇಲೆ ನನಗೆ ಊಟ ಸೇರುವುದಿಲ್ಲ.

ಈಗ ವಿಡಿಯೋ ವಿಷಯಕ್ಕೆ ಬರುತ್ತೇನೆ. ನಾನು ಬಂದ ಮೇಲೆ ನೀವು ನಾಲ್ಕು ಹಾಕಿದ್ದೀರಿ. ಐಶ್ವರ್ಯಾಳ ಫೋನಿನಲ್ಲಿ ನಾಲ್ಕನ್ನೂ ನೋಡಿದೆ. ಅಯ್ಯೋ ಶಿವನೇ, ನನ್ನ ಕೈಯಂತೆ ಕಾಣಲಿ ಎಂದು ನೀವು ಹಾಕಿಕೊಂಡ ಆ ಬಳೆಗಳೇನು! ಮೊದಲನೆಯದನ್ನು ನೋಡಿದಾಗ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಐಶ್ವರ್ಯಾ ಹೆದರಿ ಒಳಗಿನಿಂದ ಓಡಿ ಬಂದಳು. ನನ್ನ ಬಳೆ ನಿಮ್ಮ ಬೆರಳಿಗೂ ಏರುವುದಿಲ್ಲ. ಅಷ್ಟು ದೊಡ್ಡ ಅಳತೆಯ ಹಸಿರು ಬಳೆಯನ್ನು ಸಂಶಿ ಸಂತೆಯಲ್ಲಿ ಯಾರಿಗೆಂದು ಹೇಳಿ ಕೊಂಡಿರಿ? ಪಂಚಾಯ್ತಿಯ ನೀರು ಬಿಡುವ, ವಾಲ್ವ್ ತಿರುವಿ ತಿರುವಿ ಗಂಟುಗಟ್ಟಿದ ಕೈ ಅದು. ಬಳೆ ಹಾಕಿದರೆ ಹೆಣ್ಣಿನ ಕೈ ಆಗುತ್ತದೆಯೇ? ಒಬ್ಬರು ಪಾಪ, “ಅಕ್ಕಾ, ಕೈ ಯಾಕ ಇಷ್ಟ ದಪ್ಪ ಆಗ್ಯಾವ?” ಎಂದು ಕಾಮೆಂಟು ಹಾಕಿದ್ದಾರೆ. ಅದಕ್ಕೆ ನೀವು, “ಥಂಡಿಗೆ ಬಾತಾವ್ರಿ” ಎಂದು ಉತ್ತರ ಕೊಟ್ಟಿದ್ದೀರಿ. ನಾಚಿಕೆ ಆಗಲಿಲ್ಲವೇ ನಿಮಗೆ?

ನಿಮ್ಮ ಹೊಲಿಗೆಯ ಟಾಕಿಯಂತೂ ನೋಡಬಾರದು. ಅಕ್ಕಿ ಕಾಳಿನಷ್ಟು ಸಣ್ಣದು ಬೀಳಬೇಕಾದಲ್ಲಿ ನೀವು ಅಲಸಂದಿ ಕಾಯಿಯಷ್ಟು ಉದ್ದ ಎಳೆಯುತ್ತೀರಿ. ಆದರೂ ಮೂರನೇ ವಿಡಿಯೋದಲ್ಲಿ ಮೂಲೆ ತಿರುಗಿಸಿದ್ದು ಚೆನ್ನಾಗಿತ್ತು. ಯಾರು ಹೇಳಿಕೊಟ್ಟರು? ನನ್ನ ಹಳೆಯ ವಿಡಿಯೋ ನೋಡಿಯೇ ಕಲಿತಿರಬೇಕು. ನಕ್ಕು ಮುಗಿದ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಯಾಕೆಂದರೆ, ನಾನಿಲ್ಲದೆ ಚಾನೆಲ್ ನಿಲ್ಲುತ್ತದೆ ಎಂದುಕೊಂಡಿದ್ದೆ. ಅದು ನಿಲ್ಲಲಿಲ್ಲ.

ಆ ದಿನದ ಮಾತನ್ನು ಈಗ ಎತ್ತಲೇಬೇಕು. ನೀವು ಅದನ್ನು ‘ರೊಟ್ಟಿ ಚೂರಿನ ಜಗಳ’ ಎಂದು ನಿಮ್ಮ ಮನಸ್ಸಿನಲ್ಲಿ ಮುಗಿಸಿಬಿಟ್ಟಿರುತ್ತೀರಿ, ಗೊತ್ತು ನನಗೆ.

ಅಣ್ಣಿಗೇರಿಯ ರಜಿಯಾಬೇಗಂ ಟೀಚರ್ ತೀರಿಹೋದ ತಮ್ಮ ತಾಯಿ ಮೀರಾಬಿಯವರ ಐದು ಸೀರೆ ಕಳಿಸಿದ್ದರು. ಅಮ್ಮನ ಬಟ್ಟೆಯದೇ ಕೌದಿ ಆಗಬೇಕು, ಅದರ ವಿಡಿಯೋನೂ ಆಗಬೇಕು ಎಂದು ಚೀಟಿ ಬರೆದಿದ್ದರು. ನಮ್ಮ ಚಾನೆಲ್ ನಂಬಿ ಒಬ್ಬರು ತಾಯಿಯ ಸೀರೆ ಕಳಿಸಿದ್ದು ಅದೇ ಮೊದಲು. ಇಪ್ಪತ್ತು ದಿನ ಹೊಲಿದೆ. ಅಂಚಿನಿಂದ ಸುತ್ತು ಹಾಕುತ್ತ ಒಳಗೆ ಒಳಗೆ ಬಂದು, ಕೊನೆಗೆ ನಡುವೆ ಅಂಗೈ ಅಗಲ ಜಾಗ ಉಳಿಯಿತು. ಅದು ಕೌದಿಯ ಹೊಟ್ಟೆ. ನಮ್ಮ ಮುತ್ತಜ್ಜಿಯ ಕಾಲದಿಂದಲೂ ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು, “ಉಣ್ಣವ್ವಾ, ಹೊಚ್ಚಿಕೊಂಡವರನ್ನ ಹಸಗೊಂಡ ಮಲಗಸಬ್ಯಾಡ” ಎಂದು ಹೇಳಿಯೇ ಮುಚ್ಚುವುದು. ಹೊಟ್ಟೆ ತುಂಬದ ಕೌದಿಯನ್ನು ನಮ್ಮ ಮನೆಯಲ್ಲಿ ಯಾರಿಗೂ ಕೊಟ್ಟಿಲ್ಲ.

ಆದರೆ ಅದರ ಹಿಂದಿನ ವಾರವೇ ಸಂಶಿಯ ಮೊಬೈಲ್ ಅಂಗಡಿಯ ಸುದೀಪ ನಿಮಗೆ, ಮಂದಿ ಎಲ್ಲಿಯವರೆಗೆ ವಿಡಿಯೋ ನೋಡುತ್ತಾರೆಂದು ಫೋನಿನಲ್ಲಿ ಕಾಣುವ ಆ ಗೆರೆ ತೋರಿಸಿದ್ದ. “ಕಾಕಾ, ನೋಡ್ರಿಲ್ಲಿ, ಹೊಟ್ಟಿ ತುಂಬೂದು ಬಂತಂದ್ರ ಮಂದಿ ಎದ್ದ ಹೋಗ್ತಾರ” ಎಂದಿದ್ದ. ಪ್ರತಿ ವಿಡಿಯೋದಲ್ಲೂ ಗೆರೆ ಅಲ್ಲೇ ಕೆಳಗೆ ಬೀಳುತ್ತಿತ್ತು. ಮೂರು ವರ್ಷ, ಹನ್ನೊಂದು ನೂರು ಸಬ್‌ಸ್ಕ್ರೈಬರ್, ಒಂದೇ ಸಲ ಬಂದ ಆ ಪುಡಿಗಾಸು. ಅಷ್ಟಕ್ಕೆಲ್ಲ ರೊಟ್ಟಿ ಚೂರೇ ಕಾರಣ ಎಂಬಂತೆ ನೀವು ಮುಖ ಮಾಡಿಕೊಂಡು ಬಂದಿರಿ. ಆ ಸಂಜೆ ಬೆಳಕು ಇಳಿಯುತ್ತಿತ್ತು. ನಾನು ರೊಟ್ಟಿ ತರಲು ಏಳುವಷ್ಟರಲ್ಲಿ ನೀವು ಫೋನಿನ ಹಿಂದಿನಿಂದ, “ಹೊಲಿ, ಹೊಲಿ. ಒಳಗ ಇಟ್ಟಿದ್ದು ಬಿಟ್ಟಿದ್ದು ಯಾರಿಗೆ ಕಾಣತೈತಿ?” ಎಂದಿರಿ.

ರೊಟ್ಟಿ ಇಡದೆಯೇ ಮುಚ್ಚಿದ ಆ ಕೌದಿ ಮರುದಿನ ಅಣ್ಣಿಗೇರಿಗೆ ಹೋಯಿತು. ರಜಿಯಾ ಟೀಚರ್ ಕೈ ಮುಗಿದ ಚಿತ್ರ ಹಾಕಿ, ಭಾಳ ಚಂದ ಆಗೇತಿ ಅಕ್ಕಾ ಎಂದು ಬರೆದರು. ಅದನ್ನು ಓದಿದಾಗಿನಿಂದ ನನಗೆ ನೆಮ್ಮದಿ ಹಾರಿಹೋಯಿತು. ನಿಮ್ಮ ಮೇಲೆ ಹರಿಹಾಯ್ದೆ. ನೀವು ನನ್ನಿಂದ ಪಾಪ ಮಾಡಿಸಿದಿರಿ ಎಂದೆ, ಇನ್ನು ಸೂಜಿ ಮುಟ್ಟುವುದಿಲ್ಲ ಎಂದೆ. ಆಗ ನೀವು ಆ ಮಾತು ಆಡಿದಿರಿ. “ನಿನ್ನ ಕೈ ಇಲ್ಲಂದ್ರೂ ಚಾನೆಲ್ ನಡೀತೈತಿ.” ಮದುವೆಯಾಗಿ ಆರು ವರ್ಷ, ನೀವು ನನಗೆ ಹೊಡೆದವರಲ್ಲ, ಬೈದವರಲ್ಲ. ಇದೊಂದು ಮಾತು ಸಾಕಾಯಿತು. ನನ್ನ ಮುಖ ವಿಡಿಯೋದಲ್ಲಿ ಬರುವುದಿಲ್ಲ, ಹೆಸರು ಬರುವುದಿಲ್ಲ. ಇದ್ದದ್ದು ಎರಡು ಕೈ. ಅವೂ ಬೇಡವೆಂದ ಮೇಲೆ ನಾನು ಆ ಮನೆಯಲ್ಲಿ ಇರುವುದಾದರೂ ಯಾಕೆ?

ಇಲ್ಲಿಯವರೆಗೆ ಬರೆದು ಎದ್ದು ಹೋಗಿದ್ದೆ. ದನಕ್ಕೆ ನೀರು ಇಟ್ಟೆ, ಇಟ್ಟಿದ್ದನ್ನು ಮರೆತು ಮತ್ತೊಮ್ಮೆ ಇಟ್ಟೆ. ಮುಂದಿನದನ್ನು ಬರೆಯಲು ಮನಸ್ಸು ಹಿಂದೆ ಮುಂದೆ ಆಡುತ್ತಿದೆ. ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ.

ಪಾಪ ನೀವು ಮಾಡಿಸಿದಿರಿ ಎಂದೆನಲ್ಲ, ಅದು ಪೂರ್ತಿ ಖರೆ ಅಲ್ಲ. ಹೊಲಿ ಎಂದವರು ನೀವು. ಸೂಜಿ ನನ್ನ ಕೈಯಲ್ಲಿತ್ತು. ಅಡುಗೆಮನೆ ನಾಲ್ಕು ಹೆಜ್ಜೆ ದೂರ, ಎದ್ದು ಹೋಗಿ ತಂದಿದ್ದರೆ ನೀವೇನು ಕಾಲು ಹಿಡಿದು ಎಳೆಯುತ್ತಿದ್ದಿರೇ? ನಾನು ಏಳಲಿಲ್ಲ. ಈ ಸಲವಾದರೂ ಮಂದಿ ಎದ್ದು ಹೋಗದಿರಲಿ ಎಂದು ನನಗೂ ಆಸೆ ಆಗಿತ್ತು. ನೀವು ನೀರು ಬಿಡಲು ಊರ ಟ್ಯಾಂಕಿನ ಕಡೆ ಹೋದ ಮೇಲೆ, ಒಲೆ ಹಚ್ಚುವ ಮೊದಲು, ದಿನಾ ನಾನು ಕದ್ದು ವ್ಯೂ ಎಣಿಸುತ್ತಿದ್ದೆ. ನಿಮಗೆ ಮಾತ್ರ, ನನಗೆ ಲೆಕ್ಕಗಿಕ್ಕ ಬ್ಯಾಡ್ರಿ, ಹೊಲಿಯೋದು ಸಾಕು ಎನ್ನುತ್ತಿದ್ದೆ. ಸುಳ್ಳು ಅದು. ನನ್ನ ತಪ್ಪನ್ನೂ ನಿಮ್ಮ ತಲೆಗೆ ಕಟ್ಟಿ ಬಸ್ಸು ಹತ್ತಿದೆ.

ಮೊನ್ನೆ ಸೋಮವಾರ ಅವ್ವನಿಗೆ ದಾರ ತರಲು ಹುಬ್ಬಳ್ಳಿಗೆ ಹೋಗುತ್ತೇನೆಂದು ಹೇಳಿ ಅಣ್ಣಿಗೇರಿಗೆ ಹೋದೆ. ಚೀಲದಲ್ಲಿ ಸೂಜಿ, ದಾರ, ಒಂದು ರೊಟ್ಟಿ. ಎರಡು ಸಲ ನಡುವೆ ಬಸ್ಸಿಳಿದು ತಿರುಗಿ ಬರೋಣ ಎನಿಸಿತು. ಬಾಗಿಲು ತೆಗೆದ ರಜಿಯಾ ಟೀಚರ್, “ಯಾರ್ರಿ?” ಎಂದರು. ನನ್ನ ಮುಖ ಅವರಿಗೇನು ಗೊತ್ತು? ಏನು ಹೇಳಬೇಕೋ ತಿಳಿಯದೆ ಎರಡೂ ಕೈ ಮುಂದೆ ಚಾಚಿದೆ. ವಿಡಿಯೋದಲ್ಲಿ ಕಾಣುವ ಹೆಬ್ಬೆರಳಿನ ಮೇಲಿನ ಸುಟ್ಟ ಗುರುತು ನೋಡಿದವರೇ, “ಅಯ್ಯ! ಕೌದಿ ಮನಿ ಅಕ್ಕಾ! ಬರ್ರಿ, ಬರ್ರಿ, ಒಳಗ ಬರ್ರಿ” ಎಂದು ಆ ಕೈ ಹಿಡಿದೇ ಒಳಗೆ ಕರೆದುಕೊಂಡು ಹೋದರು. ನನಗೆ ಅಲ್ಲೇ ಅಳು ಬಂತು.

ಕೂತು ಎಲ್ಲ ಹೇಳಿದೆ. ನಿಮ್ಮ ಕೌದಿಯ ಹೊಟ್ಟೆ ತುಂಬಿಲ್ಲ, ಹಸಿದದ್ದನ್ನೇ ಕಳಿಸಿದೆ ಎಂದೆ. ಆಮೇಲೆ ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀವೂ ಸರಿಯಾಗಿ ಕೇಳಿಸಿಕೊಳ್ಳಬೇಕು.

“ಅಮ್ಮಾ ಕಡೀ ದಿನದಾಗ ಮಂಚ ಬಿಟ್ಟ ಏಳತಿದ್ದಿಲ್ರಿ. ದಿನಾ ನಿಮ್ಮ ವಿಡಿಯೋ ಹಚ್ಚು ಅಂತಿದ್ರು. ಹೊಲಿಯೂದೇನು ಅಷ್ಟ ನೋಡತಿದ್ದಿಲ್ಲ. ಹೊಟ್ಟಿ ತುಂಬೂತನಕಾ ಮುಂದ ಓಡಸು ಅಂತಿದ್ರು. ನೀವು ರೊಟ್ಟಿ ಇಟ್ಟ ಮುಚ್ಚಿದ ಕೂಡಲೇ, ಹಾಂ, ಉಂಡಳು ಅಂತ ಕಣ್ಣ ಮುಚ್ಚಿ ಮಲಗತಿದ್ರು. ನಮ್ಮ ಕೌದಿ ವಿಡಿಯೋದಾಗ ಅದು ಕಾಣಲಿಲ್ಲ. ವಿಡಿಯೋ ಉದ್ದಾತಂತ ತಗದಿರಬೇಕು ಅಂದಕೊಂಡ್ವಿ. ನೀವು ಇಟ್ಟೇ ಇಲ್ಲಂತ ನಮಗ ಅನಿಸಲೇ ಇಲ್ರಿ ಅಕ್ಕಾ.”

ಕೇಳಿದಿರಾ? ಸುದೀಪನ ಗೆರೆ ಕೆಳಗೆ ಬೀಳುವ ಜಾಗದಲ್ಲಿ ಒಬ್ಬ ಹಿರಿಯಳು ದಿನಾ ಬಂದು ಕೂಡುತ್ತಿದ್ದಳು. ಮಂದಿ ಎದ್ದು ಹೋದದ್ದು ಮಾತ್ರ ನಮಗೆ ಕಂಡಿತು. ಆಕೆಯ ಸೀರೆಯ ಕೌದಿಗೇ ನಾವು ರೊಟ್ಟಿ ಇಡಲಿಲ್ಲ. ನನಗೆ ಆ ಮನೆಯ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು.

ಕೌದಿಯನ್ನು ಅವರ ತಂದೆ ಗುಲಾಮಹುಸೇನ ಕಾಕಾ ಹೊದೆಯುತ್ತಾರಂತೆ. ಅವರೇ ತಂದು ಹಾಸಿದರು. ನಡುವಿನ ಹೊಲಿಗೆ ಬಿಚ್ಚಿದೆ. ನಾನೆಂಥ ಹುಚ್ಚಿ ನೋಡಿ, ಅವಸರದಲ್ಲಿ ಆ ಮುಂಜಾನೆಯ ಮೆತ್ತನೆಯ ರೊಟ್ಟಿಯನ್ನೇ ಕಟ್ಟಿಕೊಂಡು ಹೋಗಿದ್ದೆ. “ಮೆತ್ತಂದು ಇಟ್ರ ಇಲಿ ಹರೀತಾವ್ರಿ ಅಕ್ಕಾ” ಎಂದು ಟೀಚರ್ ನಕ್ಕು, ತಮ್ಮ ಬುಟ್ಟಿಯಿಂದ ಒಣಗಿದ ಕಟಕ್ ರೊಟ್ಟಿ ಮುರಿದು ತಂದರು. ನಾನು ಇಡುವುದರಲ್ಲಿದ್ದೆ, ಕಾಕಾ ನನ್ನ ಕೈಯಿಂದ ಆ ಚೂರು ತೆಗೆದುಕೊಂಡರು. ತಾವೇ ಇಟ್ಟರು. ನಾನು ಹೇಳುವ ಉದ್ದನೆಯ ಮಾತು ಅವರಿಗೆ ಬರುವುದಿಲ್ಲ. “ಉಣ್ಣು, ಮೀರಾ” ಎಂದರು ಅಷ್ಟೇ. ನಾನು ಹೊಲಿದು ಮುಚ್ಚಿದೆ. ಟಾಕಿ ಸೊಟ್ಟ ಬಿದ್ದವು, ಕಣ್ಣು ಕಾಣುತ್ತಿರಲಿಲ್ಲ.

ಅಲ್ಲಿ ಫೋನು ಇರಲಿಲ್ಲ, ಸ್ಟ್ಯಾಂಡ್ ಇರಲಿಲ್ಲ. ಇದ್ದಿದ್ದರೂ ತೆಗೆಯುತ್ತಿರಲಿಲ್ಲ.

ಈಗ ನಾನು ಹೇಳುವುದು ಇಷ್ಟು. ಮೊದಲು ಆ ಬಳೆ ತೆಗೆಯಿರಿ. ಬರಿಗೈಯಲ್ಲಿ ಕುಳಿತು, ನಾನು ಈರೇಶ, ಇಷ್ಟು ದಿನ ಹೊಲಿದಾಕಿ ನನ್ನ ಹೆಂಡತಿ ನಂದಾ ಎಂದು ಬಾಯಿಬಿಟ್ಟು ಹೇಳಿರಿ. ಗಂಡಸು ಕೌದಿ ಹೊಲಿದರೆ ಯಾರ ಗಂಟು ಹೋಗುತ್ತದೆ? ನಗುವವರು ನಗಲಿ, ನಾನೂ ನಗುತ್ತೇನೆ. ಎರಡನೆಯದು, ಹೊಟ್ಟೆ ತುಂಬುವುದನ್ನು ಇನ್ನು ಮುಂದೆ ಕಟ್ ಮಾಡಬಾರದು. ಹನ್ನೊಂದು ನೂರು ಮಂದಿಯಲ್ಲಿ ಹತ್ತೇ ಜನ ಉಳಿದರೂ ಸರಿ. ದುಡ್ಡು ಮೊದಲೂ ಹೇಳಿಕೊಳ್ಳುವಷ್ಟು ಬಂದಿಲ್ಲ, ಮುಂದೆಯೂ ಬರುವುದಿಲ್ಲ, ಅದು ನಿಮಗೂ ಗೊತ್ತು. ಆದರೂ ಇಬ್ಬರೂ ಯಾಕೆ ಬಿಡಲಿಲ್ಲ ಎಂದು ಈ ಇಪ್ಪತ್ತೆಂಟು ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ನೀವು ಆ ಸ್ಟ್ಯಾಂಡಿನ ಹಿಂದೆ ನಿಂತಾಗ ನನ್ನ ಕೈಯನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಅದು ನನಗೆ ಬಹಳ ಸೇರುತ್ತಿತ್ತು. ಹೇಳಿರಲಿಲ್ಲ.

ಇಷ್ಟು ಬರೆದೆನೆಂದು ನಾನು ಬರುತ್ತೇನೆ ಎಂದು ತಿಳಿಯಬೇಡಿ. ನನ್ನ ತಪ್ಪನ್ನು ಒಪ್ಪಿದ್ದೇನೆ. ನೀವು ಆಡಿದ ಮಾತು ನಿಮ್ಮ ಹತ್ತಿರವೇ ಇದೆ, ಅದನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ಊಟ ಸರಿಯಾಗಿ ಮಾಡಿ. ಇದನ್ನು ಅವ್ವನ ಸಲುವಾಗಿ ಬರೆದಿದ್ದೇನೆ.

ಇನ್ನೂ ಸಿಟ್ಟು ಇಳಿಯದ,
ನಂದಾ

ತಾ.ಕ.: ಹೋದ ಶುಕ್ರವಾರದ ವಿಡಿಯೋಕ್ಕೆ ತೊಂಬತ್ತು ವ್ಯೂ ಬಂದಿವೆ ಎಂದು ಹಿಗ್ಗಬೇಡಿ. ಅದರಲ್ಲಿ ನಲವತ್ತು ನನ್ನವು. ಏಳನೇ ನಿಮಿಷದಲ್ಲಿ ನೀವು ಹೊಲಿಯುತ್ತಲೇ ಪಕ್ಕಕ್ಕೆ ಕೈ ಚಾಚಿ, “ನಂದಾ, ಕತ್ರಿ ಕೊಡ” ಎಂದಿರಿ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಂಡಿರಿ, ದಾರವನ್ನು ಹಲ್ಲಿನಿಂದ ಕಡಿದ ಸಪ್ಪಳ ಕೇಳಿಸಿತು. ಎಲ್ಲವನ್ನೂ ಕಟ್ ಮಾಡುವವರು ಅದೊಂದನ್ನು ಮರೆತಿರೋ, ಬೇಕೆಂದೇ ಬಿಟ್ಟಿರೋ, ನನಗೆ ತಿಳಿಯುತ್ತಿಲ್ಲ. ಕತ್ತರಿಯನ್ನು ಮನೆಯಲ್ಲಿ ಹುಡುಕಬೇಡಿ. ಮನೆ ಬಿಟ್ಟ ದಿನ ನಾನೇ ಸಿಟ್ಟಿನಲ್ಲಿ ಚೀಲಕ್ಕೆ ಹಾಕಿಕೊಂಡು ಬಂದಿದ್ದೇನೆ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ತರುತ್ತೇನೆ.