ತಿಳಿಸಾರು ಒಪ್ಪಿದ ವೈನು

ನವೆಂಬರ್ 12, ಬೆಳಿಗ್ಗೆ

ಇವತ್ತೂ ಕಾಫಿಪುಡಿ ಡಬ್ಬಿಗೆ ಮೂಗು ತುರುಕಿದ್ದಾಯಿತು. ಏನೂ ಇಲ್ಲ. ವಿನೆಗರ್ ಮೂಸಿದೆ. ಚುಚ್ಚಿತು, ಅಷ್ಟೇ. ಅಕ್ಟೋಬರಿನ ಆ ದರಿದ್ರ ಜ್ವರ ಹೋಗುವಾಗ ನನ್ನ ಮೂಗನ್ನೂ ಗಂಟುಕಟ್ಟಿಕೊಂಡು ಹೋಗಿದೆ. ಮಾಂತೊವಾ ಪಟ್ಟಣದ ಡಾಕ್ಟರ್ ಹೇಳಿದ್ದು — ವಾಸನೆ ವಾಪಸ್ ಬರಬಹುದು, ಬಾರದೆಯೂ ಇರಬಹುದು. ಇಷ್ಟು ಹೇಳೋಕೆ ಅಷ್ಟು ವರ್ಷ ಓದಬೇಕಿತ್ತಾ?

ನಿನ್ನೆ ಊರ ಕ್ಲಬ್ಬಿನ ಅಡುಗೆಮನೆಯಲ್ಲಿ ಈರುಳ್ಳಿ ಸೀದು ಕರಕಲಾಯಿತು. ಒಲೆ ಮುಂದೆಯೇ ನಿಂತಿದ್ದೆ, ಹಾಡಿಕೊಂಡು. ತಂಗಿ ನಿವೆಸ್ ಹಿತ್ತಲಿಂದ ಓಡಿ ಬಂದಳು. "ಏನೇ ದಿರ್ಚೆ, ಊರಿಗೇ ಬೆಂಕಿ ಇಡ್ತೀಯಾ?" ಏನೋ ಯೋಚನೆಯಲ್ಲಿದ್ದೆ ಅಂದೆ. ಈ ವಯಸ್ಸಲ್ಲಿ ಯಾವನ ಯೋಚನೆ ಅಂತ ಕೇಳಿ, ಕಿಸಕ್ಕನೆ ನಕ್ಕು ಹೋದಳು. ಸದ್ಯ, ಬಚಾವಾದೆ.

ನವೆಂಬರ್ 13

ಒಂದೇ ಚಿಂತೆ. ಜನವರಿ ಹದಿನೇಳು, ಸಂತ ಅಂತೋನಿಯೊ ಹಬ್ಬ. ಅವತ್ತು ಕ್ಲಬ್ಬಿನ ವರ್ಷದ ವೈನ್ ತೆರೆಯಬೇಕು. ದಿನಾ ಮಧ್ಯಾಹ್ನ ಊಟಕ್ಕೆ ಬರುವ ಜನ ಕುಡಿಯುವ ವೈನು, ಹೂಜಿಯಲ್ಲಿ ತಂದಿಡುವಂಥದ್ದು. ಅಗ್ಗವಾಗಿರಬೇಕು. ಹಾಗಂತ ಹೀನವಾಗಿರಬಾರದು. ಅದನ್ನು ಆರಿಸುತ್ತಿದ್ದವನು ನಮ್ಮಪ್ಪ, ಅವನಾದ ಮೇಲೆ ನಾನು. ಅದೊಂದು ಕೆಲಸ ಕೈಬಿಟ್ಟರೆ ಅಲ್ಲಿ ನಾನು ಪಾತ್ರೆ ತಿಕ್ಕುವವಳು, ಅಷ್ಟೇ. ನನಗದು ಬೇಡ. ಸತ್ತರೂ ಬೇಡ.

ಡಿಸೆಂಬರ್ 3

ಎರ್ಮೆತೆ ಕ್ಲಬ್ಬಿನ ಅಧ್ಯಕ್ಷ ಆದನಂತೆ. ಔಷಧಿ ಅಂಗಡಿ ಮಗನಿಗೆ ಒಪ್ಪಿಸಿದಾಗಿಂದ ಮಾಡಲು ಕೆಲಸವಿಲ್ಲ. ಒಂದು ಕೋರ್ಸ್ ಬೇರೆ ಮಾಡಿಕೊಂಡು ಬಂದಿದ್ದಾನೆ — ವೈನ್ ಮೂಸುವುದು ಹೇಗೆ ಅಂತ. ಟುಲಿಪ್ ಹೂವಿನಂಥ ಗ್ಲಾಸುಗಳ ಪೆಟ್ಟಿಗೆ ತಂದಿಟ್ಟ.

"ಈ ಸಲ ಶಾಸ್ತ್ರೀಯವಾಗಿ ಮಾಡೋಣ ದಿರ್ಚೆ. ಬೆಳಿಗ್ಗೆ, ಖಾಲಿ ಹೊಟ್ಟೆ. ಬಾಟಲಿ ಯಾವ್ದು ಅಂತ ಗೊತ್ತಾಗ್ಬಾರ್ದು. ಮೊದಲು ಮೂಗು, ಆಮೇಲೆ ಬಾಯಿ, ಆಮೇಲೆ ಉಗಿಯೋದು."

"ಉಗಿಯೋದಾ?" ನಿವೆಸ್ ಕೈಲಿದ್ದ ಸೌಟು ಕೆಳಗಿಟ್ಟಳು. "ಡಾಕ್ಟ್ರೇ, ನಮ್ಮಪ್ಪ ಬದುಕಿದ್ರೆ ನಿಮ್ಮನ್ನ ನದಿಗೆ ಎಸೀತಿದ್ದ."

ಅವಳು ಅವನನ್ನು ಡಾಕ್ಟ್ರೇ ಅನ್ನುವುದು ಗೌರವಕ್ಕಲ್ಲ. ಅವನಿಗದು ಇನ್ನೂ ಗೊತ್ತಾಗಿಲ್ಲ.

ಹೊರಡುವಾಗ ನನ್ನ ಹತ್ತಿರ ಬಗ್ಗಿ, ಹೊಸ ಸೆಂಟು ಹೇಗಿದೆ ಅಂತ ಕೇಳಿದ. ತುಂಬಾ ಚೆನ್ನಾಗಿದೆ ಅಂದೆ. ಇನ್ನೇನು ಹೇಳಲಿ?

ಡಿಸೆಂಬರ್ 9

ಅಭ್ಯಾಸಕ್ಕೆ ಅಂತ ಎರ್ಮೆತೆ ಮನೆಗೆ ಕರೆದಿದ್ದ. ಗ್ಲಾಸು ತಿರುಗಿಸಿ ಮೂಸಿ, ಕಣ್ಣು ಮುಚ್ಚಿಕೊಂಡ. ವಯೊಲೆಟ್ ಹೂವು... ಕಾಡು ಸ್ಟ್ರಾಬೆರಿ... ಹೌದು ಹೌದು ಅಂತ ತಲೆ ಆಡಿಸಿದೆ. ನನ್ನ ಮೂಗಿಗೆ ಅದು ನಲ್ಲಿ ನೀರು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಜೋರಾಗಿಯೇ ಅತ್ತೆ, ಕೇಳುವವರು ಯಾರಿದ್ದಾರೆ.

ನಾಳೆಯೇ ಹೇಳಿಬಿಡುತ್ತೇನೆ, ಈ ವರ್ಷ ನೀನೇ ಆರಿಸು ಅಂತ.

ಡಿಸೆಂಬರ್ 10

ಹೇಳಲಿಲ್ಲ.

ಡಿಸೆಂಬರ್ 25, ಮಧ್ಯಾಹ್ನ

ಬರೆಯಲೇಬೇಕು. ಪಾತ್ರೆ ತೊಳೆಯುವುದು ಆಮೇಲೆ.

ನಿವೆಸ್ ಬಂದಿದ್ದಳು. ಹುಂಜದ ತಿಳಿಸಾರು ಮುಂಜಾನೆಯಿಂದ ಕುದಿದಿತ್ತು. ಮಾಂಸದ ಹೂರಣದ ಪುಟ್ಟ ಕಡುಬು ನಿನ್ನೆಯೇ ಮಡಿಸಿಟ್ಟಿದ್ದೆವು. ಊಟಕ್ಕೆ ಮುಂಚೆ ಪದ್ಧತಿಯಂತೆ ಒಲೆ ಪಕ್ಕ ನಿಂತೆವು — ಬಟ್ಟಲಲ್ಲಿ ಒಂದು ಸೌಟು ಸಾರು, ನಾಲ್ಕಾರು ಕಡುಬು, ಮೇಲೆ ಧಾರಾಳವಾಗಿ ನಮ್ಮ ಕಡೆಯ ನೊರೆವೈನು, ಕೆಂಪು ಲಂಬ್ರುಸ್ಕೊ. ಸಾರು ನೇರಳೆಯಾಗಿ ನೊರೆ ಎದ್ದಿತು. ಎತ್ತಿ ಕುಡಿದೆ. ತುಟಿಯ ಮೇಲೆ ಜಿಡ್ಡು ಹಾಗೇ ಕೂತಿತು. ಬಾಯಿ ತುಂಬ ಭಾರ.

ಆ ಬಾಟಲಿ ಮುಗಿಯಿತು. ಎರಡನೇ ಬಟ್ಟಲಿಗೆ ಬೇರೆ ಬಾಟಲಿ, ಸೇತುವೆ ಪಕ್ಕದ ಅಂಗಡಿಯದು, ಅಗ್ಗದ್ದು. ಕುಡಿದೆ. ಹುಳಿ ನಾಲಿಗೆಯ ಎರಡೂ ಅಂಚು ಹಿಡಿಯಿತು, ಒಗರು ಒಸಡನ್ನು ಎಳೆಯಿತು, ನೊರೆ ಚುರುಗುಟ್ಟಿತು. ಆಮೇಲೆ ನೋಡಿದರೆ ಜಿಡ್ಡು ಮಾಯ! ಅಂಗಳ ಗುಡಿಸಿದ ಹಾಗೆ ಬಾಯಿ ಚೊಕ್ಕಟ. ಇನ್ನೊಂದು ಬಟ್ಟಲು ಬೇಕೆನಿಸಿತು. ಅಕ್ಟೋಬರಿನಿಂದ ಯಾವುದೂ ಬೇಕೆನಿಸಿರಲಿಲ್ಲ.

ಹೋಗಿದ್ದು ಮೂಗು. ನಾಲಿಗೆ ಗಟ್ಟಿಮುಟ್ಟಾಗಿದೆ. ನಾನೊಬ್ಬಳು ಪೆದ್ದಿ, ಇಷ್ಟು ದಿನ ಹೋದದ್ದಕ್ಕೇ ಅಳುತ್ತಾ ಕೂತಿದ್ದೆ.

ಡಿಸೆಂಬರ್ 27

ಎರ್ಮೆತೆಗೆ ನೇರವಾಗಿ ಕೇಳಿದೆ. "ನಮ್ಮ ಜನ ಬೆಳಿಗ್ಗೆ ಖಾಲಿ ಹೊಟ್ಟೆಗೆ ವೈನ್ ಕುಡೀತಾರಾ?"

"ಛೆ, ಇಲ್ಲ."

"ಉಗೀತಾರಾ?"

"ಹಾಗಲ್ಲ ದಿರ್ಚೆ, ಅದೊಂದು ಕ್ರಮ—"

"ಊಟದ ವೈನನ್ನ ಊಟದ ಜೊತೆಗೇ ನೋಡ್ಬೇಕು. ನಿನ್ನ ಗ್ಲಾಸಲ್ಲೂ ನೋಡೋಣ, ನನ್ನ ಬಟ್ಟಲಲ್ಲೂ ನೋಡೋಣ. ಹೆದರಿಕೆ ಇದ್ರೆ ಬೇಡ ಬಿಡು."

ಹೆದರಿಕೆ ಅಂದರೆ ಸಾಕು, ಒಂದನೇ ಕ್ಲಾಸಿನಿಂದಲೂ ಅವನಿಗೆ ರೋಷ ಬರುತ್ತದೆ. ಒಪ್ಪಿದ. ಸೇತುವೆ ಪಕ್ಕದ ಅಂಗಡಿಯದನ್ನೂ ಸಾಲಿನಲ್ಲಿಡು ಅಂದೆ.

ಜನವರಿ 14

ಗೆದ್ದೆ. ಗೆದ್ದೆ. ಗೆದ್ದೆ.

ನಿಧಾನವಾಗಿ ಬರೆಯುತ್ತೇನೆ. ಕ್ಲಬ್ಬು ಭರ್ತಿ. ಹೊರಗೆ ಮಂಜು, ಆದರೂ ಯಾರೂ ಮನೆಯಲ್ಲಿ ಉಳಿದಿರಲಿಲ್ಲ. ಐದು ಬಾಟಲಿ, ಒಂದೊಂದಕ್ಕೂ ಒಂದು ಫುಟ್ಬಾಲ್ ಕಾಲುಚೀಲ ತೊಡಿಸಿದ್ದ ಎರ್ಮೆತೆ. ಒಗೆದದ್ದೇ ಅಂತ ಆಣೆ ಹಾಕಿದ.

ಮೊದಲು ಗ್ಲಾಸು. ಎಲ್ಲರೂ ಮೂಸಿದರು. ನಾನೂ ಮೂಗು ಇಳಿಬಿಟ್ಟೆ, ನಾಟಕಕ್ಕೆ. ಎರ್ಮೆತೆ ಎರಡನೇ ಕಾಲುಚೀಲ ಎತ್ತಿ ಹಿಡಿದ. "ಆಹಾ, ಹೂದೋಟ! ಇದೇ." ಅರ್ಧ ಸಭೆ ತಲೆಯಾಡಿಸಿತು. ನನ್ನ ನಾಲಿಗೆಗೆ ಸಿಹಿ ತಗುಲಿತ್ತು. ಸಾರಿನ ಸರದಿ ಬರಲಿ ಅಂದುಕೊಂಡೆ.

ಆಮೇಲೆ ನನ್ನ ಸಾರಿನ ಹಂಡೆ. ನಿವೆಸ್ ಸೌಟು ಹಿಡಿದು ನಿಂತಳು, ಎಲ್ಲರಿಗೂ ಬಟ್ಟಲು. ಎರಡನೆಯದನ್ನು ಸಾರಿಗೆ ಸುರಿದು ಕುಡಿದರು. ಬಟ್ಟಲುಗಳು ಒಂದೊಂದಾಗಿ ಮೇಜಿಗಿಳಿದವು.

"ಸಾರಿಗೆ ಜಾಮ್ ಕಲಸಿದ್ಯಾರು?" ಹಿಂದಿನಿಂದ ಯಾರೋ ಕೂಗಿದರು. ಎರ್ಮೆತೆಯ ಕಿವಿ ಕೆಂಪಾಯಿತು.

ಒಂದನೆಯದು ಬಿಸಿ ತಾಗಿದ್ದೇ ಕಹಿಯಾಯಿತು. ಮೂರನೆಯದು ಪರವಾಗಿಲ್ಲ, ಆದರೆ ಜಿಡ್ಡಿನ ಮುಂದೆ ಸೋತಿತು. ನಾಲ್ಕನೆಯದು — ಅದೇ! ಹುಳಿ, ಒಗರು, ನೊರೆ, ಗುಡಿಸಿದಂಥ ಬಾಯಿ. ಜನ ಖಾಲಿ ಬಟ್ಟಲು ಹಿಡಿದು ನಿವೆಸ್ ಮುಂದೆ ಮತ್ತೆ ಸಾಲು ನಿಂತರು. ಐದನೆಯದನ್ನು ಬಾಯಿಗೆ ಹಾಕಿದೆ. ತಡೆದೆ. ಮೂರನೆಯದಕ್ಕೆ ವಾಪಸ್ ಹೋದೆ. ಮತ್ತೆ ಐದು.

"ಎರ್ಮೆತೆ, ಮೂರು, ಐದು ಎರಡೂ ಒಂದೇ. ನನಗೆ ಪರೀಕ್ಷೆ ಇಡ್ತೀಯಾ?"

ಅವನು ಬೆಪ್ಪಾದ. ಕಾಲುಚೀಲ ಎಳೆದ. ಹೌದು — ಎರಡೂ ಕಳೆದ ವರ್ಷದ ನಮ್ಮ ವೈನೇ! ನಾನು ಎಡವುತ್ತೇನೋ ನೋಡಲು ಇಟ್ಟಿದ್ದನಂತೆ. ನಾಲ್ಕನೆಯದರ ಚೀಲವನ್ನು ನಿವೆಸ್ ಕಿತ್ತಳು. ಸೇತುವೆ ಪಕ್ಕದ ಅಂಗಡಿಯದು. ಐದರಲ್ಲೇ ಅತಿ ಅಗ್ಗದ್ದು. ಸಭೆ ಮೇಜು ಗುದ್ದಿತು.

ಎರ್ಮೆತೆ ಎದ್ದು ನಿಂತ. ಸೋತಾಗ ದೊಡ್ಡ ಮನಸ್ಸು ಅವನಿಗೆ, ಅದನ್ನು ಒಪ್ಪಬೇಕು. "ಮೂಗು ಅಂದ್ರೆ ಇದು ಕಣ್ರೀ! ಇಡೀ ಜಿಲ್ಲೇಲಿ ಇಂಥ ಮೂಗಿಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮೂಗಾ? ಅದು ಸತ್ತು ಮೂರು ತಿಂಗಳಾಯ್ತು ಮಾರಾಯ. ಒಂದು ವಾಸನೆಯೂ ಬರಲ್ಲ ನಂಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಈಗ ಮುಗಿಯಿತು ಅಂದುಕೊಂಡೆ.

"ಅದಕ್ಕೇ ಈರುಳ್ಳಿ ಕರಕಲಾದ್ರೂ ಹಾಡ್ತಾ ನಿಂತಿದ್ದೆ!" ನಿವೆಸ್ ಕಿರುಚಿದಳು. "ನಂಗೆ ಯಾಕೇ ಹೇಳ್ಲಿಲ್ಲ, ಪಾಪಿ?" ಕಣ್ಣಲ್ಲಿ ನೀರು ಅವಳಿಗೆ.

ಎರ್ಮೆತೆ ನಿಧಾನವಾಗಿ ಕೇಳಿದ. "ಹಾಗಾದ್ರೆ... ನನ್ನ ಸೆಂಟು ಚೆನ್ನಾಗಿದೆ ಅಂದಿದ್ದು?"

"ಬಾಟಲಿ ಚೆನ್ನಾಗಿತ್ತು."

ಛಾವಣಿ ಹಾರುವ ಹಾಗೆ ನಕ್ಕರು. ಅವನೂ ನಕ್ಕ. ಆಮೇಲೆ ಸಭೆಗೆ ತಿರುಗಿದ. "ಇನ್ನು ಯಾರಿಗಾದ್ರೂ ಅನುಮಾನ ಇದ್ಯಾ? ವೈನ್ ಆರ್ಸೋದು ದಿರ್ಚೆ. ಈ ವರ್ಷ, ಬರೋ ವರ್ಷ, ಅವಳು ಸಾಕು ಅನ್ನೋವರೆಗೆ." ಒಂದು ಕೈಯೂ ಎದುರು ಏಳಲಿಲ್ಲ.

ಅಪ್ಪ ಇರಬೇಕಿತ್ತು. ಇದ್ದಿದ್ದರೆ ಮೀಸೆಗೆ ನೊರೆ ಹಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ಗುದ್ದುತ್ತಿದ್ದ.

ಜನವರಿ 17

ಹಬ್ಬ. ಬರೆಯಲು ಪುರುಸೊತ್ತಿಲ್ಲ. ಹೂಜಿ ತುಂಬಿ ತುಂಬಿ ತೋಳು ನೋಯುತ್ತಿದೆ. ಒಳ್ಳೇ ನೋವು.

ಜನವರಿ 21, ಸಂಜೆ

ಮೂಗು ಇನ್ನೂ ಹಾಗೇ. ಬೆಳಿಗ್ಗೆ ಕಾಫಿ ಡಬ್ಬಿ ಮೂಸುವುದು ಮರೆತೇ ಹೋಗಿತ್ತು, ಈಗ ನೆನಪಾಯಿತು.

ಎರ್ಮೆತೆ ಫೋನ್ ಮಾಡಿದ್ದ. ನದಿಯಾಚೆ ಊರಿನ ಕ್ಲಬ್ಬಿನವರೂ ವೈನ್ ಆರಿಸಬೇಕಂತೆ. ನಾನೇ ಬರಬೇಕಂತೆ. ಕಾರು ಕಳಿಸುತ್ತಾರಂತೆ, ಇವತ್ತೇ. ನನಗೆ ದಿಗಿಲಾಯಿತು.

"ನನಗೆ ಮೂಗಿಲ್ಲ ಅಂತ ಅವ್ರಿಗೆ ಹೇಳಿದ್ಯಾ?"

"ಅದನ್ನೇ ಮೊದ್ಲು ಹೇಳಿದ್ದು. 'ಹಾಗಿದ್ರೆ ಅವರನ್ನೇ ಕಳ್ಸಿ' ಅಂದ್ರು."

ನನ್ನ ಬಟ್ಟಲು ನಾನೇ ಒಯ್ಯುತ್ತೇನೆ. ಅವರ ಸಾರು ಹೇಗಿರುತ್ತದೋ. ನಿವೆಸಳನ್ನೂ ಕರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಜನ್ಮವಿಡೀ ಆಡಿಕೊಳ್ಳುತ್ತಾಳೆ. ಹಸಿರು ಸ್ವೆಟರ್ ಹಾಕಲೋ, ಅಥವಾ ಆ

ಹಾರ್ನ್ ಹೊಡೆದರು. ಬಂದೆ ಬಂ—