ಸೂಡಿಯ ಹೊಸ ಶಾಸನ

ಸೂಡಿ,
ಗುರುವಾರ, ೨೧ ನವೆಂಬರ್ ೨೦೨೪

ಸಕಲ ಸದ್ಗುಣ ಸಂಪನ್ನಳೂ, ನರಗುಂದ ಪಟ್ಟಣದ ಹಿರಿಸೊಸೆಯೂ, ಏಳು ತಿಂಗಳ ಗರ್ಭವತಿಯೂ, ತಮ್ಮನು ಹದಿನೇಳು ಸಲ ಫೋನ್ ಮಾಡಿದರೂ ಎತ್ತದ ಕಲ್ಲೆದೆಯವಳೂ ಆದ ಭಾರತಿ ಅಕ್ಕನ ಪಾದಗಳಿಗೆ, ಕಳಕೇಶ ಉದ್ದಕ್ಕೆ ಬಿದ್ದು ಮಾಡುವ ನಮಸ್ಕಾರಗಳು.

ಇಲ್ಲಿ ನಾನು ಆರಾಮ, ಅವ್ವ ಆರಾಮ. ಹಾಗೆ ಬರೆಯಬೇಕೆಂಬುದು ಪದ್ಧತಿ, ಬರೆದಿದ್ದೇನೆ.

ನಿನ್ನ ಸಿಟ್ಟು ನನಗೆ ಗೊತ್ತು. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ಕುಬಸ ಮಾಡಿ, ಬುತ್ತಿ ಹೊತ್ತು ಬಂದು ತವರಿಗೆ ಕರೆದೊಯ್ಯಬೇಕಾದ ಅವ್ವ, ಫೋನಿನಲ್ಲಿ "ಈ ಸಲ ಅಲ್ಲೇ ಅತ್ತಿ ಮನ್ಯಾಗ ಹಡಿ. ನನಗ ಪುರಸೊತ್ತಿಲ್ಲ" ಅಂದುಬಿಟ್ಟಳು. ನೀನು ಪಟ್ಟನೆ ಕಟ್ ಮಾಡಿದೆ. ಆಮೇಲೆ ಅವ್ವ ಆ ಸತ್ತ ಫೋನನ್ನು ಎಷ್ಟು ಹೊತ್ತು ಕಿವಿಗೆ ಹಿಡಿದುಕೊಂಡೇ ಕೂತಿದ್ದಳೆಂದು ನಿನಗೆ ಗೊತ್ತಿಲ್ಲ. ಅಕ್ಕಾ, ಆ ಮಾತನ್ನು ಅವಳ ಬಾಯಿಂದ ಹೊರಡಿಸಿದವನು ನಾನು. ಅದನ್ನು ಒಪ್ಪಿಕೊಳ್ಳುವುದಕ್ಕೇ ಈ ಪತ್ರ. ನೀನು ಇದನ್ನು ಹರಿದು ಒಗೆಯಬಹುದು, ಆದರೆ ಹರಿಯುವ ಮುಂಚೆ ಓದುವ ಚಟ ನಿನಗುಂಟು.

ಸಂಘದ ಸಾಲ ನೆನಪಿದೆಯಲ್ಲ? ನೀನು ಎಂಟನೆಯ ಇಯತ್ತೆ. ರೊಟ್ಟಿ ಮಾರುವ ಧಂದೆಗೆಂದು ಅವ್ವ ಒಂದು ಕಂಪನಿಯಿಂದ ಇಪ್ಪತ್ತೈದು ಸಾವಿರ ತೆಗೆದಿದ್ದಳು. ಪ್ರತಿ ಮಂಗಳವಾರ ಕರಿಯವ್ವನ ಅಂಗಳದಲ್ಲಿ ಹತ್ತು ಹೆಣ್ಣುಮಕ್ಕಳು ಕೂತು ಕಂತು ಕಟ್ಟುವುದು, ಸಂಗನಬಸವ ಎಂಬ ಕಂಪನಿ ಮನುಷ್ಯ ಪಾಸ್‌ಬುಕ್ಕಿನಲ್ಲಿ ಗೀಚುವುದು. ಎರಡು ವರ್ಷಕ್ಕೆ ತೀರಿತು. ತೀರಿದ ದಿನ ಆ ಹತ್ತೂ ಮಂದಿ ಪಾಸ್‌ಬುಕ್ಕುಗಳಿಗೆ ಅರಿಷಿಣ ಕುಂಕುಮ ಏರಿಸಿ, ಊದಿನಕಡ್ಡಿ ಬೆಳಗಿ, ಗಣಪತಿ ಕಳಿಸಿದ ಹಾಗೆ ಹೊಂಡದಲ್ಲಿ ಬಿಟ್ಟು ಬಂದರು. "ಹೋಗಿ ಬಾ ಅನಬ್ಯಾಡ್ರೇ ಮತ್ತ, ಹೋಗು ಅಂತ ಅಷ್ಟ ಅನ್ರಿ" ಎಂದು ಕರಿಯವ್ವ ಎಲ್ಲರಿಗೂ ತಾಕೀತು ಮಾಡಿದ್ದಳು. ನಾವಿಬ್ಬರೂ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಹೋಗು ಅಂದರೂ ಬಂತು. ಈ ಶ್ರಾವಣದಲ್ಲಿ ಶಿರೋಳದ ದ್ಯಾಮೇಶ ಎಂಬವನು ಬೈಕಿನ ಮೇಲೆ ಬಂದ. ಹಳೆಯ ಕಂಪನಿ ತನ್ನ ಹಳೆಯ ಬಾಕಿಗಳನ್ನೆಲ್ಲ ಇನ್ನೊಂದು ಕಂಪನಿಗೆ ಮಾರಿದೆಯಂತೆ, ಇವನು ಕೊಂಡವರ ಕಡೆಯ ವಸೂಲಿಯವನಂತೆ. ಸಾಲವನ್ನೂ ಎಮ್ಮೆಯ ಹಾಗೆ ಮಾರಬಹುದೆಂದು ನನಗೆ ತಿಳಿದದ್ದು ಅಂದೇ. ಕೊನೆಯ ಹನ್ನೊಂದು ತಿಂಗಳ ಕಂತು ಜಮಾ ಆಗಿಲ್ಲ, ಬಡ್ಡಿ ದಂಡ ಸೇರಿ ಎಪ್ಪತ್ತೆಂಟು ಸಾವಿರ ಎಂದ. ಸಂಗನಬಸವ ನುಂಗಿದನೋ, ಕಂಪನಿಯ ಕಂಪ್ಯೂಟರ್ ನುಂಗಿತೋ, ಕೇಳೋಣವೆಂದರೆ ಸಂಗನಬಸವ ಈಗ ಎಲ್ಲಿದ್ದಾನೆಂದು ಯಾರಿಗೂ ಗೊತ್ತಿಲ್ಲ.

"ಎಲ್ಲಾ ತೀರ್ಸೇನ್ರಿ" ಅಂದಳು ಅವ್ವ.

"ಪಾಸ್‌ಬುಕ್ ತೋರಸ್ರಿ."

"ಹೊಂಡಕ್ಕ ಬಿಟ್ಟೇನ್ರಿ."

"ಯವ್ವಾ, ಸಾಲಾ ಮಾಡಿದ ಮಂದಿ ಹೊಂಡಕ್ಕ ಬೀಳೂದು ನೋಡೇನಿ. ಪಾಸ್‌ಬುಕ್ ಬೀಳೂದು ಇವತ್ತ ಕೇಳಿದ್ನಿ ನೋಡ್ರಿ."

ಅಂದಿನಿಂದ ಪ್ರತಿ ಮುಂಜಾನೆ, ಅವ್ವ ಒಲೆಯ ಮುಂದೆ ಕೂರುವ ಹೊತ್ತಿಗೆ ಸರಿಯಾಗಿ, ನಮ್ಮ ಮನೆಯ ಕಟ್ಟೆಯ ಮೇಲೆ ದ್ಯಾಮೇಶ ಮಹಾರಾಜರ ಒಡ್ಡೋಲಗ. ಬೈಯುತ್ತಿರಲಿಲ್ಲ. ಬೈದಿದ್ದರೆ ನಾವೂ ಬೈಯಬಹುದಿತ್ತು. ರೊಟ್ಟಿ ಒಯ್ಯಲು ಬಂದ ಖಾನಾವಳಿಯವರನ್ನು ನಿಲ್ಲಿಸಿ, "ಸಾಲದ ರೊಟ್ಟಿ ಅದಾವ್ರೀ, ಪಚನ ಆಗತಾವೇನು ನಿಮಗ?" ಎಂದು ಮೆಲ್ಲಗೆ ಕೇಳುತ್ತಿದ್ದ. ದಸರೆಯ ಒಳಗೆ ಗಜೇಂದ್ರಗಡದ ಎರಡೂ ಖಾನಾವಳಿಯವರು ರೊಟ್ಟಿ ಬೇಡವೆಂದರು. ಅವ್ವ ಹಿಟ್ಟು ನಾದುವುದನ್ನು ಮಾತ್ರ ಬಿಡಲಿಲ್ಲ. ಬಡಿದ ರೊಟ್ಟಿ ಬುಟ್ಟಿಯಲ್ಲೇ ಉಳಿಯತೊಡಗಿದವು.

ಆಗ ನಿನ್ನ ತಮ್ಮನಿಗೆ ಪರಾಕ್ರಮ ಉಕ್ಕಿತು. ರೋಣದ ಝೆರಾಕ್ಸ್ ಅಂಗಡಿಯಲ್ಲಿ ಕೂತು ಮಂದಿಗೆ ಅರ್ಜಿ ಬರೆದುಕೊಡುವ ನನಗೆ, ನನ್ನ ಪೆನ್ನಿನ ಮೇಲೆ ಎಷ್ಟು ಸೊಕ್ಕಿತ್ತು ಅನ್ನುವುದನ್ನು ನೀನು ಬಲ್ಲೆ. ಒಂದು ದಿನ ದ್ಯಾಮೇಶ ಸೋತ ಮುಖ ಮಾಡಿ, "ತಮ್ಮಾ, ನಮ್ಮ ಸಾಹೇಬ್ರಿಗೆ ತೋರ್ಸಾಕ ಒಂದ ನಾಕ ಸಾಲು ಬರದು ಕೊಡೋ. ಏನರ ಬರಿ. ಅವ್ವನ ಸಹಿ ಇದ್ರ ಸಾಕು, ನಾ ಮತ್ತ ಈ ಕಟ್ಟಿ ಹತ್ತೂದಿಲ್ಲ" ಅಂದ.

ಏನಾದರೂ ಬರೆ ಎಂದು ನನ್ನಂಥವನಿಗೆ ಹೇಳುವುದುಂಟೇ! ನಮ್ಮೂರ ಗುಡಿಯ ಮುಂದಿನ ಕಲ್ಲಿನ ಶಾಸನಗಳ ಧಾಟಿಯಲ್ಲಿ ಬರೆದೆ:

"ಸ್ವಸ್ತಿ. ಸೂಡಿಯ ಮಾನವ್ವೆಯು ದಿನಂಪ್ರತಿ ಕಟ್ಟೆಯನಲಂಕರಿಸುವ ವಸೂಲಿ ಚಕ್ರವರ್ತಿ ದ್ಯಾಮೇಶಂಗೆ ಕೊಟ್ಟ ಭಾಷೆ. ಕಂಪನಿಯ ಬಾಕಿ ಎಪ್ಪತ್ತೆಂಟು ಸಾವಿರವಂ ಚಂದ್ರಸೂರ್ಯರುಳ್ಳನ್ನೆಗಂ ತೀರಿಸುವಳ್. ಈ ಮಾತಿಗೆ ತಪ್ಪಿದವರ್ ಸಾವಿರ ಕವಿಲೆಯಂ ಕೊಂದ ಪಾಪಕ್ಕೆ ಹೋಹರ್."

ನನ್ನ ಜಾಣತನ ಕಂಡೆಯಾ? ಚಂದ್ರಸೂರ್ಯರು ಇರುವ ತನಕ ತೀರಿಸುತ್ತಲೇ ಇರುತ್ತಾಳೆ, ಅಂದರೆ ಎಂದೂ ತೀರಿಸುವುದಿಲ್ಲ. ಒಳಗೆ ಹೋಗಿ ಅವ್ವನ ಮುಂದೆ ಹಿಡಿದೆ. "ಏನೋ ಇದು?" ಅಂದಳು. "ಅವನ್ನ ಓಡ್ಸೂ ಮಂತ್ರ ಬೇ. ಸಹಿ ಮಾಡು" ಅಂದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಸಂಘದಲ್ಲಿ ಕಲಿತ ಮೂರೇ ಅಕ್ಷರಗಳನ್ನು, ಮಾನವ್ವ ಎಂದು, ಉಸಿರು ಬಿಗಿಹಿಡಿದು ಬರೆದಳು. ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಕಟ್ಟೆಯ ಮೇಲೆ ನಿಂತು, ಮಠದ ಸ್ವಾಮಿಗಳ ಗತ್ತಿನಲ್ಲಿ ಓದಿದೆ. ಓಣಿಗೆ ಓಣಿಯೇ ನಕ್ಕಿತು. ಕರಿಯವ್ವ ಕಣ್ಣೀರು ಒರೆಸಿಕೊಂಡಳು. ದ್ಯಾಮೇಶ ಎಲ್ಲರಿಗಿಂತ ಜೋರಾಗಿ ನಕ್ಕ. ನಕ್ಕು, ಕಾಗದವನ್ನು ಅಚ್ಚುಕಟ್ಟಾಗಿ ಮಡಚಿ, ಪ್ಲಾಸ್ಟಿಕ್ ಚೀಲದೊಳಗಿಟ್ಟು, ಅಂಗಿಯ ಒಳಕಿಸೆಗೆ ಇಳಿಬಿಟ್ಟ. ತಮಾಷೆಯ ಕಾಗದಕ್ಕೆ ಅಷ್ಟು ಜೋಪಾನ ಯಾಕೆಂದು ನನಗೆ ಅಲ್ಲೇ ಹೊಳೆಯಬೇಕಿತ್ತು.

ಹದಿನೈದು ದಿನಕ್ಕೆ ಕೋರ್ಟಿನ ನೋಟಿಸು ಬಂತು. ಅವ್ವನನ್ನು ಕರೆದುಕೊಂಡು ರೋಣದ ಅಬ್ದುಲಮಜೀದ ವಕೀಲರ ಹತ್ತಿರ ಹೋದೆ. ನೋಟಿಸಿನ ಜೊತೆ ನನ್ನ ಶಾಸನದ ಝೆರಾಕ್ಸೂ ಇತ್ತು. ಅದನ್ನು ಓದಿ ನಗದ ಮೊದಲ ಮನುಷ್ಯ ಅವರು.

"ಬರದಾವ್ರು ಯಾರು?" ಅಂದರು.

"ನಾನ್ರಿ."

"ಒಂಬತ್ತು ವರ್ಷದ ಹಳೇ ಬಾಕಿ. ದಾವಾ ಹೂಡೂ ಮೂರು ವರ್ಷದ ಮುದ್ದತ್ತು ಎಂದೋ ಮುಗದಿತ್ತು. ಕೊಡೂದಿಲ್ಲ, ಏನ್ ಮಾಡ್ಕೋತೀ ಮಾಡ್ಕೋ ಹೋಗು ಅಂದಿದ್ರ ಮುಗೀತಿತ್ತು. ಈಗ ಕೊಡತೇನಿ ಅಂತ ಹೊಸದಾಗಿ ಬರದು ಸಹಿ ಮಾಡಿ ಕೊಟ್ರ, ಅದು ಹೊಸಾ ಕರಾರು ಆಗತೈತಿ. ಸತ್ತ ಸಾಲಕ್ಕ ಜೀವಾ ತುಂಬೀದಿಯಲ್ಲೋ ಮಾರಾಯಾ."

ದ್ಯಾಮೇಶ ಮೂರು ತಿಂಗಳು ಕಟ್ಟೆ ಸವೆಸಿದ್ದು ಆ ನಾಲ್ಕು ಸಾಲಿಗೆ.

ಪಾರಾಗಲು ಒಂದೇ ದಾರಿ ಉಂಟು ಎಂದರು ವಕೀಲರು. ಅವ್ವನ ಕಡೆ ತಿರುಗಿ, "ಯವ್ವಾ, ನಿಮಗ ಓದಾಕ ಬರೂದಿಲ್ಲ. ಮಗ ಸುಳ್ಳ ಹೇಳಿ ಸಹಿ ಮಾಡಿಸ್ಯಾನ ಅಂತ ಜಡ್ಜ್ ಸಾಹೇಬ್ರ ಮುಂದ ಹೇಳ್ರಿ. ನಾ ಫೀ ಒಲ್ಲೆ, ಗೆದ್ದ ಕೊಡತೇನಿ" ಅಂದರು.

"ನನ್ನ ಮಗಾ ನನಗ ಮೋಸಾ ಮಾಡ್ಯಾನ ಅಂತ ಕಟಕಟ್ಯಾಗ ನಿಂತು ನಾ ಹೇಳಲ್ಯಾ? ಆಗೂದಿಲ್ರಿ. ಸಹಿ ನಂದ ಐತಿ."

"ಖರೇನ ಮೋಸಾ ಮಾಡೇನಿ ಬೇ, ಹೇಳು" ಎಂದು ನಾನು ಅಲ್ಲೇ ಕಾಲು ಹಿಡಿದೆ. ಅಕ್ಕಾ, ನನ್ನ ಜನ್ಮದಲ್ಲಿ ನಾಟಕವಿಲ್ಲದೆ ಯಾರದಾದರೂ ಕಾಲು ಹಿಡಿದಿದ್ದರೆ ಅದೊಂದೇ ಸಲ. "ಸುಮ್ನ ಏಳು, ಬಸ್ಸು ಹೋಗತೈತಿ" ಅಂದಳು.

ನಿನ್ನ ಕುಬಸದ ಸುದ್ದಿ ದ್ಯಾಮೇಶನಿಗೆ ಯಾರು ಮುಟ್ಟಿಸಿದರೋ. ನೋಟಿಸು ಕೊಟ್ಟ ಮೇಲೂ ಬಂದು ಕೂತ. "ಮಗಳ ಕುಬಸಕ್ಕ ರೊಕ್ಕ ಬರತೈತಿ, ನಮಗ ಅಷ್ಟ ಬರೂದಿಲ್ಲ? ಆಗಲಿ, ಮಗಳು ಬರ್ಲಿ. ಬೀಗರೂ ಬರ್ಲಿ. ನಾವೂ ನಾಕ ಮಂದಿ ಬಂದು ಆರತಿ ಮಾಡಿ ಹೋಗತೇವಿ" ಅಂದ. ಮತ್ತೆ, ನರಗುಂದದಲ್ಲಿ ನಿನ್ನ ಮನೆ ಯಾವ ಓಣಿಯಲ್ಲಿದೆ ಎಂಬುದನ್ನೂ ಹೇಳಿ ತೋರಿಸಿದ. ಅಂದೇ ಸಂಜೆ ಅವ್ವ ನಿನಗೆ ಫೋನ್ ಮಾಡಿದ್ದು. ಪುರಸೊತ್ತಿಲ್ಲ ಅನ್ನುವ ಮಾತನ್ನು ಮೂರು ಸಲ ಒಬ್ಬಳೇ ಅಂದು ನೋಡಿಕೊಂಡು ಮಾಡಿದ್ದು.

ಆದ್ದರಿಂದ ಅಕ್ಕಾ, ಬರಬೇಡ. ನಿನ್ನ ಪತಿದೇವ ಕಲ್ಲೇಶ ಮಾವನಿಗೆ ಏನು ಹೇಳುತ್ತೀಯೋ ನೀನೇ ನೋಡು. ನನ್ನ ಮೇಲೆ ಹಾಕು, ತಮ್ಮ ಲಫಂಗ ಅನ್ನು. ಇನ್ನೊಂದು ಕೆಲಸವೂ ನಿನ್ನಿಂದ ಆಗಬೇಕು. ಡಿಸೆಂಬರ್ ಹದಿನಾರಕ್ಕೆ ಕೋರ್ಟಿನ ತಾರೀಖು ಇದೆ. ಅಷ್ಟರೊಳಗೆ ಅವ್ವನ ಹತ್ತಿರ ಮಾತಾಡು. ನಿನಗೆ ಮಾತ್ರ ಅವಳು ಬಗ್ಗುತ್ತಾಳೆ. ನನ್ನನ್ನು ಮೋಸಗಾರ ಎಂದು ಹೇಳಲು ಒಪ್ಪಿಸು. ಬೇಕಾದರೆ ಆಣೆ ಹಾಕು, ಅಳು, ಹೊಟ್ಟೆಯಲ್ಲಿರುವ ಕೂಸಿನ ಹೆಸರು ಹೇಳು. ಅವ್ವನ ಹಳೆಯ ನಂಬರ್ ಬಂದ್ ಆಗಿದೆ. ಈ ಹಾಳೆಯ ಹಿಂದೆ ಬರೆದಿರುವ ನಂಬರಿಗೆ ಮಾಡು.

ಏನಾದರೂ ನಗೆಯ ಮಾತು ಬರೆದು ಮುಗಿಸೋಣವೆಂದು ಅರ್ಧ ಗಂಟೆಯಿಂದ ಕೂತಿದ್ದೇನೆ. ಬರುತ್ತಿಲ್ಲ.

ಇಂತಿ,
ಸೂಡಿಯ ಕಟ್ಟಕಡೆಯ ಶಾಸನಕರ್ತ,
ನಿನ್ನ ತಮ್ಮ ಕಳಕೇಶ

ತಾ.ಕ.: ಹಿಂದೆ ಬರೆದಿರುವ ನಂಬರು ಒಬ್ಬ ಮೇಸ್ತ್ರಿಯದು. ಅವ್ವ ಮನೆಯಲ್ಲಿಲ್ಲ. ಕಳೆದ ಸೋಮವಾರ, ಗೋವಾದಲ್ಲಿ ರಸ್ತೆ ಕೆಲಸ ಮಾಡುವ ನಮ್ಮ ಕಡೆಯವರ ಗುಂಪಿಗೆ ರೊಟ್ಟಿ ಬಡಿಯಲು ಹೋದಳು. ಒಂದು ವರ್ಷಕ್ಕೆ ಒಪ್ಪಿದ್ದಾಳೆ, ನಿನ್ನ ಹೆರಿಗೆಗೆ ಬರುವುದಿಲ್ಲ. ನೀನು ಒಪ್ಪಿಸಿದರೆ ತಾರೀಖಿನ ಒಂದು ದಿನಕ್ಕೆ ನಾನೇ ಹೋಗಿ ಕರೆತರುತ್ತೇನೆ. ಮುಂಗಡ ಬಂದ ಮೂವತ್ತು ಸಾವಿರವನ್ನು ಹಾಗೆಯೇ ದ್ಯಾಮೇಶನಿಗೆ ಕೊಟ್ಟು, ನರಗುಂದದ ಕಡೆ ಸುಳಿಯುವುದಿಲ್ಲವೆಂದು ಮಾತು ತೆಗೆದುಕೊಂಡಳು. ಮೇಸ್ತ್ರಿಯೂ ಒಂದು ಕಾಗದ ತಂದಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ, ಓದಿ ಹೇಳಲು ಕೈ ಚಾಚಿದೆ. ಅವ್ವ ಅದನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡು, ಎರಡು ಓಣಿ ದಾಟಿ ಉಮಾ ಟೀಚರ್ ಮನೆಗೆ ಹೋಗಿ, ಎರಡು ಸಲ ಓದಿಸಿಕೊಂಡು ಬಂದು ಸಹಿ ಮಾಡಿದಳು.