ನನ್ನ ಗಂಡನ ಮಾತನ್ನು ಮನೆಗೆ ಕಳಿಸಿ

ಪ್ರತಿ ಶನಿವಾರ ಸಂಜೆ ನನ್ನ ಗಂಡನ ಮಾತನ್ನೆಲ್ಲ ಕೇಳಿಸಿಕೊಂಡು, ಮಾತು ಖಾಲಿಯಾದ ಗಂಡನನ್ನು ನನಗೆ ವಾಪಸು ಕಳಿಸುವ ಮಾನ್ಯ ವಿಚಾರಣಾ ಗುರುಗಳೇ,

ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳಲು ನನಗೆ ಬಾರದು. ಹೊಟ್ಟೆಕಿಚ್ಚು ಮಹಾಪಾಪವೆಂದು ಚರ್ಚಿನ ವೇದಪಾಠದಲ್ಲಿ ಕಲಿತವಳೇ ನಾನು. ಆದರೆ ಅದನ್ನು ನಿವೇದಿಸಿಕೊಳ್ಳಲು ಯಾರ ಬಳಿ ಹೋಗಲಿ? ನಿಮ್ಮ ಬಳಿಯೇ ಬರಬೇಕಲ್ಲ! ಅದಕ್ಕೇ ನಮ್ಮ ಧರ್ಮಕೇಂದ್ರದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಗುಟ್ಟು ಕಾಯುವುದು ನಿಮ್ಮ ವ್ರತ, ನನ್ನದಲ್ಲ.

ಕಳೆದ ಭಾನುವಾರ ಪ್ರಬೋಧನೆಯಲ್ಲಿ ತಾವು ಅಪ್ಪಣೆ ಕೊಡಿಸಿದಿರಿ: ಮೊಬೈಲು ಬಂದು ಕುಟುಂಬಗಳು ಹಾಳಾದವು, ಗಂಡ ಹೆಂಡಿರ ನಡುವೆ ಮಾತೇ ಸತ್ತುಹೋಯಿತು ಎಂದು. ಎಲ್ಲರೂ ತಮ್ಮ ತಮ್ಮ ಜೋಡಿಯನ್ನು ನೋಡಿ ಪೆಚ್ಚುನಗೆ ನಕ್ಕರು. ನಾನು ನಗಲಿಲ್ಲ. ನಮ್ಮವರ ಮೊಬೈಲು ಗುಂಡಿ ಒತ್ತುವ ಹಳೇ ಡಬ್ಬ. ಅದನ್ನು ದೂರಿದರೆ ನಾಲಗೆಗೆ ಹುಳ ಬಿದ್ದೀತು. ನಮ್ಮ ಮನೆಯ ಮಾತು ಎಲ್ಲಿ ಹೋಗಿದೆ ಎಂದು ತಮಗೆ ಗೊತ್ತಿಲ್ಲವೇ ಗುರುಗಳೇ? ತಮ್ಮ ಎಡಕಿವಿಯೊಳಗೆ ಹೋಗಿದೆ.

ನಮ್ಮವರು ಲಿಫ್ಟ್ ರಿಪೇರಿಯವರು. ಕೆಟ್ಟ ಲಿಫ್ಟಿನೊಳಗೆ ಸಿಕ್ಕಿಬಿದ್ದವರಿಗೆ ಮುಚ್ಚಿದ ಬಾಗಿಲಿನಾಚೆ ನಿಂತು ಧೈರ್ಯ ಹೇಳುವುದರಲ್ಲಿ ಅವರನ್ನು ಮೀರಿಸುವವರಿಲ್ಲವಂತೆ. ಒಮ್ಮೆ ಒಳಗೆ ಅಳುತ್ತಿದ್ದ ಅಜ್ಜಿಯೊಬ್ಬರ ಮೊಮ್ಮಕ್ಕಳ ಹೆಸರನ್ನೆಲ್ಲ ಕೇಳುತ್ತ ಕೇಳುತ್ತ ಬಾಗಿಲು ತೆಗೆದರಂತೆ. ಇದನ್ನು ನನಗೆ ಹೇಳಿದ್ದು ಅವರಲ್ಲ, ಅವರ ಜೊತೆ ಕೆಲಸ ಮಾಡುವವರ ಹೆಂಡತಿ. ಮನೆಗೆ ಮಾರಿ, ಊರಿಗೆ ಉಪಕಾರಿ! ನನ್ನ ಪಾಲಿಗೆ ಬರುವುದು "ಹೂಂ", "ಉಪ್ಪು", "ಫ್ಯಾನ್ ಹಾಕು". ಹಬ್ಬದ ದಿನ ಇನ್ನೊಂದು "ಹೂಂ" ಹೆಚ್ಚು.

ಮೊದಲು ಹೀಗಿರಲಿಲ್ಲ. ನಮ್ಮ ಒಬ್ಬಳೇ ಮಗಳು, ಚುನಾವಣೆಯ ಹೊತ್ತಿನಲ್ಲಿ ತಾವು ಪೀಠದ ಮೇಲೆ ನಿಂತು ಯಾವ ಬಾವುಟದವರಿಗೆ ದೇವರಿಲ್ಲ ಎಂದಿರೋ, ಆ ಬಾವುಟ ಹಿಡಿಯುವ ಹುಡುಗನನ್ನೇ ಮೆಚ್ಚಿದಳು. ದೇವಾಲಯದ ಗೊಡವೆಗೆ ಬರದೆ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದಳು. ಅವತ್ತು ನಮ್ಮವರು ಕೈ ತೊಳೆದುಕೊಳ್ಳುತ್ತ, "ಈ ಮನೇಲಿ ಇನ್ಮೇಲೆ ಅವಳ ಮಾತು ಬೇಡ" ಎಂದರು. ಅಂದು ಬಿದ್ದ ಬೀಗ. ಅವಳ ಹೆಸರಿಗೆ ಹಾಕಿದ ಬೀಗದೊಳಗೆ ಉಳಿದ ಮಾತುಗಳೂ ಸಿಕ್ಕಿಬಿದ್ದವು. ನಾನು ಅವಳ ಹೆಸರೆತ್ತಿದರೆ ಅರ್ಧ ಊಟದಲ್ಲಿ ಎದ್ದು ಹೋಗುತ್ತಾರೆ.

ಶನಿವಾರ ಮಾತ್ರ ತಲೆ ಬಾಚಿಕೊಂಡು ನಿಮ್ಮಲ್ಲಿಗೆ ಹೊರಡುತ್ತಾರೆ, ಹಿಂದೆ ನಾನೂ. ಪಾಪನಿವೇದನೆಯ ಗೂಡಿಗೆ ಹೊಕ್ಕರೆ ಅರ್ಧ ಗಂಟೆ ಹೊರಗೆ ಬರುವುದಿಲ್ಲ. ಸಾಲಿನಲ್ಲಿ ಕಾದವರು ನನ್ನ ಮುಖ ನೋಡುತ್ತಾರೆ: ಈ ಸಾಧು ಮನುಷ್ಯ ಅಷ್ಟೇನು ಪಾಪ ಮಾಡಿದ್ದಾನೆ? ನಮ್ಮದು ಎರಡೇ ಕೋಣೆಯ ಮನೆ ಗುರುಗಳೇ, ಅಷ್ಟು ಪಾಪ ಮಾಡಲು ಅಲ್ಲಿ ಜಾಗವೂ ಇಲ್ಲ. ಆ ಗೂಡಿನ ನೇರಳೆ ಪರದೆ ಹೊಲಿದ ದರ್ಜಿ ನಾನೇ. ಒಳಗಿನ ಮಾತು ಹೊರಗೆ ಕೇಳಬಾರದೆಂದು ಎರಡು ಪದರ ಕೊಟ್ಟು ಹೊಲಿದೆ. ನನ್ನ ಕೈಯಾರೆ ನನ್ನ ಕಿವಿಗೇ ಬಟ್ಟೆ ತುರುಕಿಕೊಂಡಂತಾಯಿತು.

ಆದರೂ ಹೋದ ತಿಂಗಳು ಒಂದು ಸದ್ದು ಆ ಎರಡು ಪದರವನ್ನೂ ದಾಟಿ ಬಂತು. ನಮ್ಮವರು ನಕ್ಕರು. ಮೂಗಿನಲ್ಲಿ ಶುರುವಾಗಿ ಕೆಮ್ಮಿನಲ್ಲಿ ಮುಗಿಯುವ ನಗು. ಅವರು ಹಾಗೆ ನಗುವುದು ಒಂದೇ ಕಥೆಗೆ. ಮಗಳು ಮೊದಲ ಪಾಪನಿವೇದನೆಗೆ ಹೋಗುವ ದಿನ ಹೇಳಲು ಒಂದೂ ಪಾಪ ಸಿಗದೆ ಅಳುತ್ತ ಅಪ್ಪನ ಬಳಿ ಬಂದಿದ್ದಳು. "ಅಪ್ಪಾ, ನಿಂದೊಂದು ಪಾಪ ಕೊಡಪ್ಪಾ, ನಾಳೆ ವಾಪಸ್ ಕೊಡ್ತೀನಿ." ಇವರು ತಮಾಷೆಗೆ, "ಸಿಗರೇಟು ಸೇದ್ದೆ, ಹೆಂಡ್ತಿಗೆ ಸುಳ್ಳು ಹೇಳ್ದೆ ಅಂತ ಹೇಳು" ಎಂದರು. ಆ ಕೂಸು ಅದನ್ನೇ ಅಕ್ಷರ ಬಿಡದೆ ಒಪ್ಪಿಸಿ ಬಂತು! ಆಗಿದ್ದ ಮುದಿ ಗುರುಗಳು ಹೊರಗೆ ಬಂದು, "ಈ ಮಗು ಯಾರದಪ್ಪಾ?" ಎಂದು ಹುಡುಕಾಡಿದ್ದರು.

ಆ ಕಥೆಯಲ್ಲಿ ನನಗೂ ಅರ್ಧ ಪಾಲಿದೆ ಗುರುಗಳೇ. ಸುಳ್ಳು ಹೇಳಿಸಿಕೊಂಡ ಹೆಂಡತಿ ನಾನೇ ತಾನೇ? ಅವಳು ಆ ದಿನ ಹಾಕಿಕೊಂಡ ಬಿಳಿ ಲಂಗ ಹೊಲಿದವಳು ನಾನು. ಹೊತ್ತು ಹೆತ್ತವಳು ನಾನು. ಅವಳು ಕೂಸಾಗಿದ್ದಾಗಿನಿಂದ ಬಲ್ಲವರು ಈ ಭೂಮಿಯ ಮೇಲೆ ನಾವಿಬ್ಬರೇ. ಅವಳ ಬಗ್ಗೆ ಮಾತಾಡಲು ನನಗಿರುವವರು ಅವರೊಬ್ಬರೇ. ಆ ಒಬ್ಬರನ್ನೂ ತಾವು ಪರದೆಯೊಳಗೆ ಕೂರಿಸಿಕೊಂಡು ನಗಿಸುತ್ತೀರಿ. ನನಗೆ ಉರಿಯದೆ ಇನ್ನೇನಾದೀತು? ಇನ್ನೊಬ್ಬಳ ಬಳಿ ಹೋಗುತ್ತಿದ್ದರೆ ಅವಳ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ನಿಮ್ಮ ತಲೆಯ ಮೇಲೆ ಹಿಡಿಯುವುದಕ್ಕೂ ಏನೂ ಉಳಿದಿಲ್ಲ.

ಆ ಸೋಮವಾರವೇ ನಿಮ್ಮ ಕಚೇರಿಗೆ ಬಂದೆ, ನೆನಪಿರಬಹುದು.

"ಅವ್ರು ಮಗಳ ವಿಷ್ಯ ಮಾತಾಡ್ತಾರಾ ಫಾದರ್? ಹೌದು ಇಲ್ಲ, ಅಷ್ಟೇ ಹೇಳಿ ಸಾಕು."

"ಅಲ್ಲಿ ಕೇಳಿದ್ದು ಅಲ್ಲೇ ಮಣ್ಣಾಗ್ಬೇಕಮ್ಮಾ. ಹೌದು ಅನ್ನೋ ಹಾಗೂ ಇಲ್ಲ, ಇಲ್ಲ ಅನ್ನೋ ಹಾಗೂ ಇಲ್ಲ."

"ಹೋಗ್ಲಿ, ಚೆನ್ನಾಗಿದಾರಾ ಅವ್ರು?"

ತಾವು ಕನ್ನಡಕ ತೆಗೆದು ಒರೆಸಿಕೊಂಡಿರಿ. "ಪ್ರಾರ್ಥನೆ ಮಾಡಮ್ಮಾ" ಎಂದಿರಿ. ನನ್ನ ಗಂಡ ಚೆನ್ನಾಗಿದ್ದಾರೋ ಇಲ್ಲವೋ ಎಂದು ಪರರನ್ನು ಕೇಳಿ, ಅವರಿಂದಲೂ ಉತ್ತರ ಸಿಗದೆ ಮೆಟ್ಟಿಲಿಳಿದು ಬಂದೆ. ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಿಮ್ಮ ಗುಟ್ಟಿನ ಮುದ್ರೆ ಒಡೆಯಿರಿ ಎಂದು ನಾನು ಕೇಳುತ್ತಿಲ್ಲ. ಅವರು ಹೇಳಿದ್ದು ನಿಮ್ಮಲ್ಲೇ ಮಣ್ಣಾಗಲಿ. ಆದರೆ ಪ್ರಾಯಶ್ಚಿತ್ತ ವಿಧಿಸುವ ಅಧಿಕಾರ ತಮ್ಮ ಕೈಯಲ್ಲೇ ಇದೆಯಲ್ಲ? ಏನು ಕೊಡುತ್ತೀರೆಂದು ನನಗೆ ಗೊತ್ತು. ಹೊರಗೆ ಬಂದು ಮಂಡಿಯೂರಿ ಹತ್ತು ನಮೋ ಮರಿಯಾ ಪ್ರಾರ್ಥನೆ ಹೇಳಿ ಎದ್ದುಬಿಡುತ್ತಾರೆ. ಮರಿಯಾ ಮಾತೆಗೂ ಅದನ್ನು ಕೇಳಿ ಕೇಳಿ ಸಾಕಾಗಿರಬೇಕು. ಆಕೆಯೂ ಮಗುವನ್ನು ಸಾಕಿದವಳು, ಗಂಡನ ಜೊತೆ ಮಾತಾಡಿದವಳು. ನಮ್ಮವರು ನನ್ನ ಮಾತು ಮೀರಿದರೂ ನಿಮ್ಮ ಪ್ರಾಯಶ್ಚಿತ್ತ ಮೀರಿದವರಲ್ಲ. ಈ ಪತ್ರವನ್ನು ಅವರೂ ಓದಬಹುದು. ಓದಿ ನನ್ನನ್ನು ಬೈದರೆ ಬೈಯಲಿ, ಬೈಗುಳವೂ ಮಾತೇ ತಾನೇ!

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನನ್ನ ಹೊಲಿಗೆ ಮಿಷನ್ನಿನ ಮೇಲೆ ಅಂಗೈಯಗಲದ ಒಂದು ಹತ್ತಿಯ ಅಂಗಿ ಇದೆ. ಹುಟ್ಟುವ ಮಗುವಿನ ಅಳತೆಯದು. ಬೇಕೆಂದೇ ಮುಗಿಸದೆ ಎದುರಿಗೇ ಇಟ್ಟಿದ್ದೇನೆ. ನಮ್ಮವರು ದಿನವೂ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ, ನೋಡುತ್ತಾರೆ, ಕೇಳುವುದಿಲ್ಲ. ಬರುವ ಶನಿವಾರ ಅವರಿಗೆ ನಮೋ ಮರಿಯಾ ಕೊಡಬೇಡಿ. ಮನೆಗೆ ಹೋಗಿ, "ಇದು ಯಾರಿಗೆ ಹೊಲೀತಿದ್ದೀಯ?" ಎಂದು ಹೆಂಡತಿಯನ್ನು ಒಂದು ಸಲ ಕೇಳು ಎಂದು ವಿಧಿಸಿ. ಉತ್ತರವನ್ನು ತಮಗೆ ಇಲ್ಲಿ ಬರೆಯುವುದಿಲ್ಲ. ಈ ಒಂದು ಮಾತನ್ನು ನಾನು ಅವರಿಗೇ ಹೇಳಬೇಕು.

ಇಂತಿ,
ತಮ್ಮ ಧರ್ಮಕೇಂದ್ರದಲ್ಲಿ ಯಾರೂ ಹೆಸರೆತ್ತದ ಆ ಹುಡುಗಿಯ ಅಮ್ಮ